ಸಿಂದಗಿ ಬಸ್ಸಿಗೆ ಬರುವ ಕ್ರಾಂತಿ

ಇಂಡಿ
೧೪ ಜುಲೈ ೨೦೨೪

ಪೂಜ್ಯ ಗಲಗಲಿ ಸರ್ ಅವರಿಗೆ ಗುಲನಾಜಳ ನಮಸ್ಕಾರಗಳು.

ನಾನು ನಿಮ್ಮ ಕಾಲೇಜು ಬಿಟ್ಟು ವಕೀಲಳಾಗಿ ಇಷ್ಟು ವರ್ಷವಾದರೂ ಫೋನು ಮಾಡಿದಾಗಲೆಲ್ಲ ನೀವು "ಪತ್ರಾ ಬರೀ, ಇಲ್ಲಾಂದ್ರ ಕನ್ನಡ ಮರತೀದಿ" ಎಂದು ಗದರಿಸುತ್ತೀರಿ. ಹೋದ ಸಲದ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ನನಗೇ ಮರಳಿ ಕಳಿಸಿದಿರಿ. ಅಂಚೆಯವನು ಅದನ್ನು ಮಾರುಕಟ್ಟೆಯಲ್ಲಿ ಅಬ್ಬಾನ ಕೈಗೆ ಕೊಟ್ಟ. ಅಷ್ಟೊಂದು ಕೆಂಪು ಗೆರೆ ನೋಡಿ ಅಬ್ಬಾ, ಮಗಳ ವಕೀಲಿ ಸನದು ರದ್ದಾಯಿತೆಂದುಕೊಂಡು ಲಿಂಬಿಕಾಯಿ ಹರಾಜನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬಂದುಬಿಟ್ಟರು.

ಈ ಸಲ ಕೆಲಸದ ಮಾತಿದೆ. ನಿಮ್ಮ ವಿದ್ಯಾರ್ಥಿ ಜಾಹಿದ ನದಾಫ, ಬಿ.ಎ. ಕೊನೆಯ ವರ್ಷ, ಸಿಂದಗಿ ಕಡೆಯ ಯಂಕಂಚಿಯವನು, ನಮ್ಮ 'ಕಾನೂನು ನೆರವು ಬಳಗ'ಕ್ಕೆ ಬಂದಿದ್ದ. ಬಳಗವೆಂದರೆ ಬಹಳ ದೊಡ್ಡದೆಂದು ತಿಳಿಯಬೇಡಿ. ಇಬ್ಬರು ವಕೀಲರು ಮತ್ತು ಹಾಳೆ ನುಂಗುವ ಒಂದು ಪ್ರಿಂಟರು. ನಿಮ್ಮ ಹಾಸ್ಟೆಲಿನ ನೀರಿನ ಟಾಕಿಯನ್ನು ತೊಳೆದು ಎಷ್ಟು ಕಾಲವಾಯಿತೋ ಯಾರಿಗೂ ಗೊತ್ತಿಲ್ಲವಂತೆ. ನಾಲ್ಕೈದು ಹುಡುಗರಿಗೆ ಕಾಮಾಲೆಯಾಗಿದೆ. ಮನವಿ ಕೊಡಲು ಹೋದರೆ ಪ್ರಾಚಾರ್ಯರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರಂತೆ. ಅದನ್ನೇ ನಾನು ನಾಲ್ಕು ಕಾನೂನಿನ ಮಾತು ಸೇರಿಸಿ ಬರೆದುಕೊಟ್ಟಿದ್ದೇನೆ. ನಾಳೆಯಿಂದ ಹುಡುಗರು ಖಾಲಿ ಬಕೀಟು ಇಟ್ಟುಕೊಂಡು ಗೇಟಿನ ಮುಂದೆ ಕೂಡುತ್ತಾರೆ.

ಹುಡುಗ ಚುರುಕಾಗಿದ್ದಾನೆ ಸರ್. ಅವನ ತಂದೆ ಚಾಂದಸಾಬ ಹಳ್ಳಿಹಳ್ಳಿ ತಿರುಗಿ ಗಾದಿ ಹೊಲಿಯುತ್ತಾರೆ. ಇವನಿಗೆ ಸೆಪ್ಟೆಂಬರಿನ ಪರೀಕ್ಷೆ ಮುಗಿಸಿ, ಬಿ.ಎಡ್. ಮಾಡಿ, ನಿಮ್ಮ ಹಾಗೆ ಕನ್ನಡ ಕಲಿಸಬೇಕೆಂಬ ಹಂಬಲ. ಹೋಗುವಾಗ ಹೇಳಿದ: "ಅಕ್ಕಾರ, ಗಲಗಲಿ ಸರ್ ನಮ್ಮ ಕಡೆ ಅದಾರ್ರಿ. ಬಾಯಿ ಬಿಟ್ಟ ಹೇಳೂದಿಲ್ಲ ಅಷ್ಟ."

ಹೌದೇ ಸರ್?

ನಿಮ್ಮ ವಿದ್ಯಾರ್ಥಿನಿ
ಗುಲನಾಜ ಬಾಗವಾನ

*

ಬಸವನ ಬಾಗೇವಾಡಿ
೨೦ ಜುಲೈ ೨೦೨೪

ಚಿ. ವಕೀಲಬಾಯಿ ಗುಲನಾಜಳಿಗೆ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಮೂರು ತಪ್ಪುಗಳಿವೆ. ತಿದ್ದಿಲ್ಲ. ಕೆಂಪು ಶಾಯಿಯ ಪೆನ್ನನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ನಮ್ಮ ಕಾಲೇಜಿನೊಳಗೆ ಹೋಗುವುದು ಸದ್ಯಕ್ಕೆ ಧೈರ್ಯವಂತರ ಕೆಲಸ. ನಾನು ಅದನ್ನು ಮನೆಯಲ್ಲಿಟ್ಟು ಹೋಗುತ್ತೇನೆ.

ಸೋಮವಾರ ನಾನು ದಿನದಂತೆ ಬಾಗೇವಾಡಿಯ ಬಸ್ಸು ಹಿಡಿದು ಮುದ್ದೇಬಿಹಾಳದಲ್ಲಿ ಇಳಿದೆ. ಗೇಟಿನ ಮುಂದೆ ಸಾಲಾಗಿ ಬಕೀಟುಗಳು, ಬಕೀಟುಗಳ ಹಿಂದೆ ಹುಡುಗರು. ಹುಡುಗರಿಗಿಂತ ಬಕೀಟುಗಳೇ ಶಿಸ್ತಾಗಿ ಕೂತಿದ್ದವು. ನಮ್ಮ ಪ್ರಾಚಾರ್ಯರು ನಿನಗೆ ಗೊತ್ತಲ್ಲ, ಅವರು ಪ್ರಾಚಾರ್ಯರಲ್ಲ, ಪ್ರಚಾರ್ಯರು. ಟಾಕಿ ತೊಳೆಯುವವನನ್ನು ಕರೆಸುವ ಬದಲು ಪತ್ರಿಕೆಯವರನ್ನು ಕರೆಸಿದರು. "ಇದರ ಹಿಂದ ಕಮ್ಯುನಿಸ್ಟರ ಕೈ ಐತಿ" ಎಂದು ಹೇಳಿಕೆ ಕೊಟ್ಟರು. ಕೈ ಅವರದಾದರೆ ಟಾಕಿಯಲ್ಲಿನ ಹುಳ ಯಾರದು ಎಂದು ಕೇಳಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಚಹಾ ಬಂತು.

ಈಗ ನಮ್ಮಲ್ಲಿ ಎಡವಿದವರೆಲ್ಲ ಎಡಪಂಥದವರು. ಮೊನ್ನೆ ನಾನೇ ಮೆಟ್ಟಿಲು ಎಡವಿದೆ. ಎಡವಿದ್ದು ಬಲಗಾಲು ಎಂಬುದು ಸಂಸ್ಥೆಯ ಎಲ್ಲರಿಗೂ ತಿಳಿಯಲಿ ಎಂದು ಸಂಜೆಯವರೆಗೂ ಬಲಗಾಲನ್ನೇ ಕುಂಟಿಸಿದೆ. ಮನೆಗೆ ಬಂದಾಗ ಮೃಣಾಲಿನಿ ಎಣ್ಣೆ ಹಚ್ಚುತ್ತ, "ಮಾರ್ಚಿನಾಗ ಪ್ರಿನ್ಸಿಪಾಲರು ರಿಟೈರ್ ಆಗ್ತಾರ, ಮುಂದ ಸೀನಿಯರ್ ನೀವ. ಅಲ್ಲಿತನಾ ಯಾವ ಕಾಲಿನಿಂದನೂ ಎಡವಬ್ಯಾಡ್ರಿ" ಎಂದಳು. ಹೆಂಡತಿಯ ಮಾತನ್ನು ಸಾಹಿತ್ಯದಲ್ಲಿ ಕಾಂತಾಸಂಮಿತ ಎನ್ನುತ್ತಾರೆ. ಮನೆಯಲ್ಲಿ ಆಜ್ಞೆ ಎನ್ನುತ್ತಾರೆ.

ಒಂದು ಮಾತು. ಗುರುವಾರ ಯಾರೋ ಮುದುಕರು ಕೆಂಪು ಶಾಲು ಹೊದ್ದು ಬಂದು ಹುಡುಗರ ಮುಂದೆ ಭಾಷಣ ಮಾಡಿದರು. ಅವರನ್ನು ನೋಡಿ ಪ್ರಾಚಾರ್ಯರಿಗೆ ಆದ ಸಂತೋಷವನ್ನು ನಾನು ವರ್ಣಿಸಲಾರೆ, ಹೆಣ್ಣು ಸಿಕ್ಕ ವರನ ಹಾಗೆ ಇದ್ದರು. ಅವರು ನಿನ್ನ ಬಳಗದವರಲ್ಲ ತಾನೆ? ಹೌದಾದರೆ ಸ್ವಲ್ಪ ಹಿಂದೆ ಇರಲಿ. ನ್ಯಾಯವಾದಿಗಳು ಗೇಟಿಗೆ ಬಂದರೆ ಅನ್ಯಾಯವಾದೀತು.

ನನಗೂ ಬಿಡುವಿಲ್ಲ. ಸಂಸ್ಥೆಯವರು ಏನೋ ಬರವಣಿಗೆಯ ಕೆಲಸ ಹೇಳಿದ್ದಾರೆ.

ನಿನ್ನ
ಕೌಸ್ತುಭ ಗಲಗಲಿ

*

ಇಂಡಿ
೩ ಆಗಸ್ಟ್ ೨೦೨೪

ಪೂಜ್ಯ ಸರ್,

ನಿಮಗೆ ಗೊತ್ತಾಗಿಯೇ ಇರುತ್ತದೆ. ಸಂಸ್ಥೆಯ ಅಧ್ಯಕ್ಷರ ಕಾರಿಗೆ ಕಲ್ಲು ಬಿತ್ತು. ಯಾರು ಹೊಡೆದರೆಂದು ಯಾರೂ ನೋಡಿಲ್ಲ. ಕಲ್ಲು ಬಿದ್ದಾಗ ಜಾಹಿದನ ಎರಡೂ ಕೈಯಲ್ಲಿ ಬಕೀಟು ಇದ್ದವೆಂದು ಇಪ್ಪತ್ತು ಹುಡುಗರು ಹೇಳುತ್ತಾರೆ. ಆ ಇಪ್ಪತ್ತರಲ್ಲಿ ಸಹಿ ಮಾಡುತ್ತೇವೆ ಎನ್ನುವವರು ಯಾರೂ ಇಲ್ಲ. ಪೊಲೀಸರು ಅವನನ್ನು ಒಯ್ದಿದ್ದಾರೆ. ಬರೀ ಕಲ್ಲಿನ ಕೇಸಾದರೆ ಜಾಮೀನು ಆಗುತ್ತಿತ್ತು. ಒಳಸಂಚು ಸೇರಿಸಿದ್ದಾರೆ, ಕಾಲೇಜುಗಳಲ್ಲಿ ಗಲಭೆ ಎಬ್ಬಿಸಲು ಕಮ್ಯುನಿಸ್ಟ್ ಗುಂಪೊಂದು ಇಟ್ಟ ಹುಡುಗ ಇವನು ಎಂದು.

ಪುರಾವೆ ಏನೆಂದು ಕೇಳಿದೆ. ಅವನ ಫೋನಿನಲ್ಲಿದ್ದ ಒಂದು ವಿಡಿಯೋ ತೋರಿಸಿದರು. ನೋಡಿ ನನಗೆ ನಗು ಬಂತು ಸರ್. ಠಾಣೆಯಲ್ಲಿ ನಗಬಾರದಿತ್ತು.

ಅದು ನಿಮ್ಮ ಫೆಬ್ರವರಿಯ ಗ್ಯಾದರಿಂಗಿನ ಫಿಶ್‌ಪಾಂಡ್. ಮೈಕಿನಲ್ಲಿ ಓದುತ್ತಾರೆ: "ಜಾಹಿದ ನದಾಫ. ನಮ್ಮ ಕಾಲೇಜಿನ ಮಾಸ್ಕೋ ಏಜೆಂಟ. ಕ್ರಾಂತಿ ಎಂದ ಬರತೈತೋ ಅಂತ ಕೇಳಿದ್ರ, ಸಿಂದಗಿ ಬಸ್ಸಿಗೆ ಬರತೈತ್ರಿ ಅಂತಾನ." ಸಭೆ ಕೇಕೆ ಹಾಕುತ್ತದೆ. ಜಾಹಿದ ವೇದಿಕೆ ಹತ್ತಿ, ಮುಷ್ಟಿ ಎತ್ತಿ, ಬಾಗಿ ನಮಸ್ಕಾರ ಮಾಡುತ್ತಾನೆ. ಪೊಲೀಸರ ಪ್ರಕಾರ ಇದು ಒಪ್ಪಿಗೆ. ಆ ಬಸ್ಸಿನ ಕಂಡಕ್ಟರನನ್ನೂ ಕರೆಸಿ ಕೇಳಿದ್ದಾರಂತೆ, ಯಾರ್ ಯಾರು ಬರ್ತಿದ್ರು ಅಂತ.

ನ್ಯಾಯಾಧೀಶರು ದಕ್ಷಿಣದ ಕಡೆಯವರು, ಅವರಿಗೆ ಫಿಶ್‌ಪಾಂಡ್ ಎಂದರೆ ಮೀನಿನ ಹೊಂಡ. ಅದಕ್ಕೆ ಅರ್ಜಿಯಲ್ಲಿ ಹೀಗೆ ಬರೆದಿದ್ದೇನೆ: "ಈ ಭಾಗದ ಕಾಲೇಜುಗಳಲ್ಲಿ ವಾರ್ಷಿಕ ಸ್ನೇಹ ಸಮ್ಮೇಳನದಂದು ಒಬ್ಬೊಬ್ಬರನ್ನು ಗೇಲಿ ಮಾಡುವ ಚೀಟಿಗಳನ್ನು, ಬರೆದವರ ಹೆಸರಿಲ್ಲದೆ, ಪೆಟ್ಟಿಗೆಯಲ್ಲಿ ಹಾಕಿ ವೇದಿಕೆಯಲ್ಲಿ ಓದುವ ರೂಢಿಯಿದೆ. ಯಾರ ಹೆಸರು ಬಂದಿತೋ ಅವರು ಸಿಟ್ಟಾಗದೆ ಎದ್ದುಬಂದು, ಚೀಟಿಯಲ್ಲಿದ್ದಂತೆ ನಟಿಸಿ, ಬಾಗಿ ನಮಸ್ಕರಿಸಬೇಕು. ಒಲ್ಲೆ ಎಂದರೆ ಅವಮಾನ."

ಆದರೆ ಬರೆದವರು ಬಂದು, "ಹೌದು, ನಾನೇ ಚೇಷ್ಟೆಗೆ ಬರೆದೆ" ಎಂದು ಹೇಳದೆ ಇದು ನಿಲ್ಲುವುದಿಲ್ಲ. ಬೇಗನೆ ಕೋರ್ಟಿಗೆ ಆ ಹೆಸರು ಸಿಕ್ಕರೆ ಹುಡುಗ ಪರೀಕ್ಷೆಗೆ ಕೂಡುತ್ತಾನೆ. ಯಾರು ಬರೆದರು ಸರ್?

ನಮ್ಮ ಫೋನುಗಳನ್ನು ಕೇಳಿಸಿಕೊಳ್ಳುತ್ತಾರೆ ಎನ್ನುತ್ತಾರೆ. ಇನ್ನು ಮೇಲೆ ನಿಮ್ಮಿಷ್ಟದ ಹಾಗೆ ಪತ್ರವೇ.

ಗುಲನಾಜ

*

ಬಸವನ ಬಾಗೇವಾಡಿ
೧೨ ಆಗಸ್ಟ್ ೨೦೨೪

ಚಿ. ಗುಲನಾಜಳಿಗೆ ಆಶೀರ್ವಾದಗಳು.

ಫಿಶ್‌ಪಾಂಡಿಗೆ ತಂದೆತಾಯಿ ಇರುವುದಿಲ್ಲ ಮಗಳೆ. ಪೆಟ್ಟಿಗೆಯ ಬಾಯಿ ತೆರೆದೇ ಇರುತ್ತದೆ, ಬರುವವರು ಹೋಗುವವರು ಹಾಕುತ್ತಾರೆ. ಹಾಕಿದವರು ಯಾರೆಂದು ಕೇಳುವುದು ಗಾಳಿಪಟಕ್ಕೆ ಊರು ಕೇಳಿದ ಹಾಗೆ. ನಾನು ಆ ದಿನ ವೇದಿಕೆಯ ಹಿಂದೆ ಮೈಕಿನ ವಯರು ಹಿಡಿದುಕೊಂಡು ನಿಂತಿದ್ದೆ.

ನೀನು ಇಷ್ಟು ಗಾಬರಿಯಾಗುವುದು ಬೇಡ. ಇದೆಲ್ಲ ಎಂಟು ದಿನದ ಗದ್ದಲ. ಅಧ್ಯಕ್ಷರ ಕಾರಿಗೆ ಹೊಸ ಗಾಜು ಕೂತಿತು, ಅವರ ಸಿಟ್ಟೂ ಕೂತೀತು. ಜಮೀನು ಇಲ್ಲದವರಿಗೆ ಜಾಮೀನೂ ಇಲ್ಲ ಎಂಬಂಥ ಕಾಲ ಇದು ಎಂದು ಸ್ಟಾಫ್ ರೂಮಿನಲ್ಲಿ ಹೇಳಿದೆ, ಎಲ್ಲರೂ ನಕ್ಕರು. ನಕ್ಕ ಮೇಲೆ ಒಬ್ಬೊಬ್ಬರೇ ಎದ್ದು ಬಾಗಿಲ ಹೊರಗೆ ಯಾರಾದರೂ ಇದ್ದಾರೇನೋ ನೋಡಿ ಬಂದರು.

ಟಾಕಿ ತೊಳೆಸಿದ್ದಾರೆ. ಅದನ್ನಾದರೂ ಜಾಹಿದನಿಗೆ ಹೇಳು. ಮತ್ತೆ ಅವನ ಪುಸ್ತಕಗಳನ್ನು ಹಾಸ್ಟೆಲಿನಿಂದ ತರಿಸಿ ನನ್ನ ಕಪಾಟಿನಲ್ಲಿಟ್ಟಿದ್ದೇನೆ. ಜೈಲಿಗೆ ಒಯ್ಯಲು ಬಿಡುತ್ತಾರೆಯೇ?

ಕೌಸ್ತುಭ ಗಲಗಲಿ

*

ಇಂಡಿ
೩೧ ಆಗಸ್ಟ್ ೨೦೨೪

ಸರ್,

ಜಾಮೀನು ಆಗಲಿಲ್ಲ.

ಸರ್ಕಾರಿ ವಕೀಲರು ಫಿಶ್‌ಪಾಂಡನ್ನು ಎರಡು ಸಲ ಓದಿದರು. ಅವರಿಗೆ ಓದಲು ಬರುವುದಿಲ್ಲ ಸರ್, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ. ಯಾರೂ ನಗಲಿಲ್ಲ. ನಗು ಬರದಂತೆ ಓದಿದರೆ ಆ ಚೀಟಿ ಎಷ್ಟು ಭಯಂಕರವಾಗಿ ಕೇಳಿಸುತ್ತದೆಂದು ನನಗೆ ಅಂದೇ ಗೊತ್ತಾದದ್ದು. ಆಮೇಲೆ ನಿಮ್ಮ ಸಂಸ್ಥೆಯ ಸತ್ಯಶೋಧನಾ ಸಮಿತಿಯ ವರದಿಯಿಂದ ಒಂದು ಸಾಲು ಓದಿದರು: "ಮುಗ್ಧ ವಿದ್ಯಾರ್ಥಿಗಳ ಮೇಲೆ ಹೊರಗಿನ ಎಡಪಂಥೀಯ ಶಕ್ತಿಗಳ ಪ್ರಭಾವವನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ." ವರದಿಯ ಪ್ರತಿ ನನಗೆ ಕೊಟ್ಟಿಲ್ಲ. ಇಷ್ಟು ನಯವಾದ ಕನ್ನಡ ನಿಮ್ಮ ಪ್ರಾಚಾರ್ಯರಿಗೆ ಯಾರು ಬರೆದುಕೊಟ್ಟರೋ. ನೀವು ಒಳಗೇ ಇದ್ದೀರಿ, ಸಮಿತಿಯಲ್ಲಿ ಯಾರಿದ್ದರೆಂದು ನೋಡಿ ತಿಳಿಸಿ. ನೀವು ಇಷ್ಟು ದಿನ ಸುಮ್ಮನಿರುವುದು ಅದಕ್ಕೇ ಇರಬೇಕು, ಒಳಗಿದ್ದೇ ಏನೋ ಹುಡುಕುತ್ತಿದ್ದೀರಿ ಎಂದು ಚಾಂದಸಾಬ ಚಾಚಾನಿಗೆ ಹೇಳಿದ್ದೇನೆ.

ನಾನೂ ನಿಮ್ಮಿಂದ ಒಂದು ಮಾತು ಬಚ್ಚಿಟ್ಟೆ. ಕೆಂಪು ಶಾಲಿನ ಮುದುಕರು ಅಮೀನುದ್ದೀನ ಕಾಕಾ, ನಮ್ಮ ಬಳಗದ ಎರಡನೇ ವಕೀಲರು. ಅವರು ಖರೇನೇ ಕಮ್ಯುನಿಸ್ಟರು. ಹರೆಯದಲ್ಲಿ ರೈತರನ್ನು ಕಟ್ಟಿಕೊಂಡು ಮೋರ್ಚಾ ಮಾಡಿದವರು. ಈಗ ಅವರ ಹೋರಾಟವೆಲ್ಲ ಚಹಾದಂಗಡಿಯವನು ಸಕ್ಕರೆ ಜಾಸ್ತಿ ಹಾಕುತ್ತಾನೆ ಎನ್ನುವುದರ ವಿರುದ್ಧ. ನಾನು ಬೇಡವೆಂದರೂ ಬಸ್ಸು ಹತ್ತಿ ಹೋಗಿ ಮಾತಾಡಿದರು. ಹುಡುಗರಿಗೆ ಒಂದಕ್ಷರ ತಿಳಿಯಲಿಲ್ಲವಂತೆ, ಅವರು ಬರೀ ಆ ದೇಶ ಈ ದೇಶದ ಮಾತಾಡಿದರಂತೆ. ಅವರೊಬ್ಬರು ಇದ್ದಾರೆಂದು ಎಲ್ಲರೂ ಅದೇ ಆಗುತ್ತೇವೆಯೇ? ಈ ಪ್ರಶ್ನೆ ಕೋರ್ಟಿನಲ್ಲಿ ಕೇಳಿದೆ. ಆಗುವುದಿಲ್ಲ ಎಂದು ಯಾರೂ ಅನ್ನಲಿಲ್ಲ. ಕಾಕಾ ಮರುದಿನ ಬಳಗ ಬಿಟ್ಟರು. "ನಾ ಇದ್ರ ನಿನಗ ಭಾರ" ಎಂದರು. ಈಗ ಬಳಗವೆಂದರೆ ನಾನು, ಪ್ರಿಂಟರು.

ಇತ್ತ ನಮ್ಮ ವಕೀಲರ ಸಂಘದವರು ಸಭೆ ಸೇರಿ, ಇಂಥ ಕೇಸಿನ ವಕಾಲತ್ತು ಯಾರೂ ಹಿಡಿಯಬಾರದೆಂದು ಠರಾವು ಮಾಡಿದ್ದಾರೆ. ನನ್ನ ಜೊತೆ ಡಬ್ಬಿ ಬಿಚ್ಚಿ ಊಟ ಮಾಡುವವರು ಈಗ ಬೇರೆ ಬೆಂಚಿಗೆ ಹೋಗಿ ಕೂಡುತ್ತಾರೆ.

ಸರ್, ನನ್ನ ಕೊನೆಯ ವರ್ಷದ ಗ್ಯಾದರಿಂಗ್ ನೆನಪಿದೆಯೇ? "ಗುಲನಾಜ ಬಾಗವಾನ. ಈಕಿ ಸತ್ತ ಮ್ಯಾಲ ಸ್ವರ್ಗದ ಬಾಗಿಲದಾಗ ನಿಂತು, ಒಳಗ ಬಿಡದ ಇದ್ದವರದೂ ವಕಾಲತ್ತ ಹಿಡೀತಾಳ." ವೇದಿಕೆ ಹತ್ತಿ ಬಾಗಿದೆ. ಅಂದು ರಾತ್ರಿಯೇ ಅಬ್ಬಾನಿಗೆ ಲಾ ಓದುತ್ತೇನೆ ಎಂದೆ. ಆ ಚೀಟಿಗೆ ತಂದೆತಾಯಿ ಇರಲಿಲ್ಲವೇ? ಪೆಟ್ಟಿಗೆಯೊಳಗಿನ ಎಲ್ಲ ಚೀಟಿಗಳನ್ನೂ ಪ್ರತಿವರ್ಷ ಒಬ್ಬರೇ ಬರೆಯುತ್ತಾರೆಂದು ನಮಗೆ, ಹುಡುಗರಿಗೆಲ್ಲ, ಗೊತ್ತಿತ್ತು ಸರ್. ಗೊತ್ತಿಲ್ಲದವರಂತೆ ಇರುವುದು ನಾವು ನಿಮಗೆ ಕೊಡುತ್ತಿದ್ದ ಮರ್ಯಾದೆ.

ಒಂದು ಅಫಿಡವಿಟ್ಟು ಸಾಕು. ನಾನು ಬರೆದು ತರುತ್ತೇನೆ, ನೀವು ಸಹಿ ಮಾಡಿ. ಪರೀಕ್ಷೆ ಹದಿನೇಳಕ್ಕೆ ಶುರು.

ಗುಲನಾಜ

*

ಬಸವನ ಬಾಗೇವಾಡಿ
೫ ಸೆಪ್ಟೆಂಬರ್ ೨೦೨೪

ಚಿ. ಗುಲನಾಜಳಿಗೆ,

ಇವತ್ತು ಶಿಕ್ಷಕರ ದಿನಾಚರಣೆ. ಹುಡುಗಿಯರು ಗುಲಾಬಿ ಕೊಟ್ಟರು. ಕೆಂಪು ಗುಲಾಬಿ. ಅದಕ್ಕೊಂದು ಜೋಕು ಹೊಳೆಯಿತು, ಹೇಳಲಿಲ್ಲ.

ನಿನ್ನ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದಿ, ಮಡಚಿ, ಬಸ್ಸಿನಲ್ಲಿ ಮತ್ತೆ ಓದಿದೆ. ಅಫಿಡವಿಟ್ಟಿಗಿಂತ ಹತ್ತಿರದ ದಾರಿ ಒಂದು ನನಗೆ ಕಂಡಿದೆ. ಕೋರ್ಟಿನ ದಾರಿ ನಿನ್ನದು, ದೊಡ್ಡ ರಸ್ತೆ. ನನ್ನದು ಹೊಲದ ಬದುವು. ಆದರೆ ಊರಿಗೆ ಬೇಗ ಮುಟ್ಟಿಸುತ್ತದೆ. ಈಗ ಏನೂ ಕೇಳಬೇಡ. ಸ್ವಲ್ಪ ದಿನ ಕೊಡು. ನೀನು ಇಲ್ಲಿಗೆ ಬರುವುದೂ ಬೇಡ, ಯಾರಾದರೂ ನೋಡಿದರೆ ಮಾಡಿದ್ದೆಲ್ಲ ಕೆಡುತ್ತದೆ.

ಸಮಿತಿಯಲ್ಲಿ ಯಾರಿದ್ದರೆಂದು ನೀನು ಕೇಳಿದ್ದೆ. ವಿಚಾರಿಸುತ್ತೇನೆ.

ಕೌಸ್ತುಭ ಗಲಗಲಿ

*

ಬಸವನ ಬಾಗೇವಾಡಿ
೨೩ ಸೆಪ್ಟೆಂಬರ್ ೨೦೨೪

ಚಿ. ಗುಲನಾಜಳಿಗೆ ಅನೇಕ ಆಶೀರ್ವಾದಗಳು.

ಕೆಲಸವಾಯಿತು. ಸಿಟ್ಟಾಗದೆ ಪೂರ್ತಿ ಓದು.

ನಾನು ಅಧ್ಯಕ್ಷರನ್ನು ಅವರ ಮನೆಯಲ್ಲೇ ಕಂಡೆ. ಹುಡುಗನ ಬಾಳು ಹಾಳಾಗುತ್ತದೆ ಎಂದು ಅವರ ಮುಂದೆ ಕೈಮುಗಿದು ಹೇಳಿದೆ. ಅವರೂ ಮಕ್ಕಳು ಮರಿ ಇದ್ದವರು. "ಒಂದು ಮಾಫಿನಾಮಾ ಬರಸಿ ತರ್ರಿ ಸರ, ಕೇಸ್ ಹಿಂದಕ ತಗೋತೇವಿ" ಎಂದರು. ಆ ಕ್ಷಮಾಪಣೆ ಪತ್ರಕ್ಕೆ ಒಂದೇ ಷರತ್ತು. ತಪ್ಪು ತನ್ನದಲ್ಲ, ಹೊರಗಿನವರು ತಲೆ ಕೆಡಿಸಿದರು ಎಂಬ ಮಾತು ಇರಬೇಕು, ಇಲ್ಲದಿದ್ದರೆ ಸಂಸ್ಥೆಯ ಮರ್ಯಾದೆ ಉಳಿಯುವುದಿಲ್ಲ. ನಾನು ಯಾರ ಹೆಸರನ್ನೂ ಹಾಕಲಿಲ್ಲ. ನಿನ್ನ ಮೇಲೆ ಆಣೆ, ಒಂದು ಹೆಸರೂ ಇಲ್ಲ.

ಹುಡುಗನ ಬಾಯಿಂದಲೇ ಬಂದ ಹಾಗೆ ಬರೆದೆ. ತಂದೆ ಗಾದಿ ಹೊಲಿಯುವ ಸೂಜಿ, ತಾಯಿಯ ಕಣ್ಣು, ಊರಿನ ಶಾಲೆ, ಎಲ್ಲ ಸೇರಿಸಿದೆ. ಯಂಕಂಚಿಗೆ ಹೋಗಿ ಓದಿದಾಗ ಚಾಂದಸಾಬ ಅತ್ತುಬಿಟ್ಟರು. ಅವರೇ ಜೈಲಿಗೆ ಒಯ್ದು ಮಗನ ಸಹಿ ಮಾಡಿಸಿಕೊಂಡು ಬಂದರು. ಅಧ್ಯಕ್ಷರು ಓದುತ್ತ ಓದುತ್ತ ಕನ್ನಡಕ ತೆಗೆದರು. ನನ್ನ ಬರಹ ಓದಿ ಜನ ನಕ್ಕದ್ದನ್ನು ಮೂವತ್ತು ವರ್ಷ ನೋಡಿದ್ದೇನೆ, ಅತ್ತದ್ದು ಇದೇ ಮೊದಲು. ನನ್ನಲ್ಲಿ ಕರುಣರಸವೂ ಇದೆ ಎಂದು ನನಗೇ ಗೊತ್ತಿರಲಿಲ್ಲ.

ಪರೀಕ್ಷೆಯ ಎರಡು ಪೇಪರು ತಪ್ಪಿದವು. ಇರಲಿ, ಉಳಿದವಕ್ಕೆ ಕೂಡಲಿ. ಈ ವಾರದೊಳಗೆ ಹೊರಗೆ ಬರುತ್ತಾನೆ. ಬಂದ ಮೇಲೆ ಅವನನ್ನು ಕರೆದುಕೊಂಡು ಬಾಗೇವಾಡಿಗೆ ಬಾ, ಮೃಣಾಲಿನಿ ಹೋಳಿಗೆ ಮಾಡುತ್ತಾಳೆ.

ನಿನ್ನ
ಕೌಸ್ತುಭ ಗಲಗಲಿ

*

ಇಂಡಿ
೨೪ ಅಕ್ಟೋಬರ್ ೨೦೨೪

ಮಾನ್ಯರೆ,

ಇಷ್ಟು ದಿನ ಬರೆಯಲಿಲ್ಲ. ಏಕೆಂದು ಕೆಳಗೆ ತಿಳಿಯುತ್ತದೆ.

ಕೇಸು ಹಿಂದಕ್ಕೆ ತೆಗೆದುಕೊಂಡಿಲ್ಲ. ಅಂಥ ಕೇಸನ್ನು ನಿಮ್ಮ ಅಧ್ಯಕ್ಷರು ಬೇಕೆಂದರೂ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಒಂದು ಮಾತು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಮಾಫಿನಾಮೆಯನ್ನು ಅವರು ಮರುದಿನವೇ ಪೊಲೀಸರಿಗೆ ಕೊಟ್ಟರು. ಈಗ ಅದು ದೋಷಾರೋಪ ಪಟ್ಟಿಯ ಜೊತೆಗಿದೆ. "ಕಾನೂನು ನೆರವಿನ ಹೆಸರಿನಲ್ಲಿ ಬಂದ ಎಡಪಂಥೀಯರು ನನ್ನ ಬಡತನವನ್ನೂ ತಿಳಿಗೇಡಿತನವನ್ನೂ ತಮ್ಮ ಆಯುಧ ಮಾಡಿಕೊಂಡರು." ನೀವು ಹೆಸರು ಹಾಕಿಲ್ಲ, ನಿಜ. ಇಡೀ ಜಿಲ್ಲೆಯಲ್ಲಿ ಆ ಹುಡುಗನಿಗೆ ಕಾನೂನು ನೆರವು ಕೊಟ್ಟವರು ಎಷ್ಟು ಜನರಿದ್ದಾರೆಂದುಕೊಂಡು ಬರೆದಿರಿ?

ನಾನು ಈಗ ಎರಡನೇ ಆರೋಪಿ. ಅಮೀನುದ್ದೀನ ಕಾಕಾ ಮೂರನೆಯವರು. ಅವರನ್ನು ಒಯ್ಯಲು ಬಂದಾಗ ಅವರಿಗೆ ಜ್ವರ ಇತ್ತು. ನನಗೆ ಮೇಲಿನ ಕೋರ್ಟಿನಲ್ಲಿ ಜಾಮೀನು ಸಿಕ್ಕಿದೆ. ಆದರೆ ಅದೇ ಕೇಸಿನಲ್ಲಿ ಆರೋಪಿಯಾದವಳು ಜಾಹಿದನ ವಕೀಲಳಾಗಿ ನಿಲ್ಲುವಂತಿಲ್ಲ. ವಕಾಲತ್ತು ಬಿಟ್ಟುಕೊಟ್ಟೆ. ಠರಾವು ಮಾಡಿದವರಿಂದ ಸಾಧ್ಯವಾಗದೆ ಹೋದದ್ದು ನಿಮ್ಮ ಒಂದು ಹಾಳೆಯಿಂದ ಆಯಿತು.

ಪಟ್ಟಿಯ ಜೊತೆ ಸತ್ಯಶೋಧನಾ ಸಮಿತಿಯ ವರದಿಯೂ ಸಿಕ್ಕಿತು. ಕೊನೆಯ ಪುಟದಲ್ಲಿ, "ಸದಸ್ಯ ಕಾರ್ಯದರ್ಶಿ" ಎಂಬುದರ ಮೇಲೆ ನಿಮ್ಮ ಸಹಿ ಇದೆ. ದಿನಾಂಕ ಜುಲೈ ೩೦. ನೀವು ನನಗೆ ಚಹಾ ಬಂತೆಂದು ಬರೆದು ಹತ್ತೇ ದಿನಕ್ಕೆ. ನಾನು ಚಾಂದಸಾಬ ಚಾಚಾನಿಗೆ, ಸರ್ ಒಳಗಿದ್ದು ನಮ್ಮ ಸಲುವಾಗಿ ಹುಡುಕುತ್ತಿದ್ದಾರೆ ಎಂದು ಎಷ್ಟೋ ಸಲ ಹೇಳಿದ್ದೆ. ಅವರು ಈಗಲೂ ಹಾಗೇ ನಂಬಿದ್ದಾರೆ. ಬಿಡಿಸಿ ಹೇಳುವ ಶಕ್ತಿ ನನಗಿಲ್ಲ.

ಕಲಬುರಗಿಯ ಅನಂತರಾವ್ ಎಂಬ ಹಿರಿಯ ವಕೀಲರು ಬರಲು ಒಪ್ಪಿದ್ದಾರೆ. ನವೆಂಬರ್ ೨೦ಕ್ಕೆ ಮತ್ತೆ ಜಾಮೀನಿನ ವಿಚಾರಣೆ. ಆ ಚೀಟಿ, ವರದಿಯ ಆ ಸಾಲು, ಮಾಫಿನಾಮೆ, ಮೂರೂ ನಿಮ್ಮವೆಂದು ಅಫಿಡವಿಟ್ಟು ಮಾಡಿ ಕೋರ್ಟಿಗೆ ಬರುವುದಾದರೆ ಬನ್ನಿ. ಇದು ಕೋರಿಕೆಯಲ್ಲ. ಕೋರಿಕೆಗಳು ಮುಗಿದವು.

ಗುಲನಾಜ ಬಾಗವಾನ

*

ಬಸವನ ಬಾಗೇವಾಡಿ
೨೧ ನವೆಂಬರ್ ೨೦೨೪

ಗುಲನಾಜಳಿಗೆ,

ನಾನು ಹೋಗಿದ್ದೆ. ನೀನು ಎದುರಿಗೆ ಇರಲಿಲ್ಲವಾದ್ದರಿಂದ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹಿಂದಿನ ದಿನ ಸಂಸ್ಥೆಗೆ ರಾಜೀನಾಮೆ ಕೊಟ್ಟಿರಲಿಲ್ಲ. ಕೊಡಬೇಕೆಂದು ಹೊರಟು, ರಜಾ ಚೀಟಿ ಕೊಟ್ಟು ಬಂದೆ. ಇದನ್ನೂ ನಿನಗೆ ಹೇಳಬೇಕು. ಅಫಿಡವಿಟ್ಟಿನಲ್ಲಿ ಎಲ್ಲ ಬರೆದಿದ್ದೆ. ಚೀಟಿ ಚೇಷ್ಟೆಗೆ ಬರೆದದ್ದು. ವರದಿಯ ಸಾಲನ್ನು ಮೇಲಿನವರು ಹೇಳಿದರೆಂದು ಬರೆದದ್ದು, "ತಳ್ಳಿಹಾಕುವಂತಿಲ್ಲ" ಎಂದರೆ ಯಾರಿಗೂ ಪೆಟ್ಟಾಗುವುದಿಲ್ಲ ಎಂದುಕೊಂಡಿದ್ದೆ. ಮಾಫಿನಾಮೆ ಹುಡುಗ ಹೊರಗೆ ಬರಲಿ ಎಂದು ಬರೆದದ್ದು, ಅದರಲ್ಲಿನ ಮಾತು ಅವನದಲ್ಲ, ಸಹಿ ಮಾತ್ರ ಅವನದು.

ಅನಂತರಾವ್ ಅವರು ಚೆನ್ನಾಗಿ ವಾದ ಮಾಡಿದರು. ಆಮೇಲೆ ಸರ್ಕಾರಿ ವಕೀಲರು ಎದ್ದರು. ನೀನು ಹೇಳಿದ್ದು ಸುಳ್ಳು ಗುಲನಾಜ, ಅವರಿಗೆ ಓದಲು ಬರುತ್ತದೆ. ನನ್ನನ್ನು ನೋಡಿ, ಬಹಳ ಮರ್ಯಾದೆಯಿಂದ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಹೇಳಿದರು:

"ಸರ, ಫಿಶ್‌ಪಾಂಡ್ ನೀವ ಬರದ್ರಿ, ಅದು ಚ್ಯಾಷ್ಟಿ. ವರದಿ ನೀವ ಬರದ್ರಿ, ಅದು ಮ್ಯಾಲಿನವ್ರ ಮಾತು. ಮಾಫಿನಾಮಾ ನೀವ ಬರದ್ರಿ, ಅದು ಅಂತಃಕರಣ. ಈ ಅಫಿಡವಿಟ್ ಏನ್ರಿ ಸರ?"

ನಾನು, "ಇದು ಖರೇ ಐತ್ರಿ" ಎಂದೆ.

ಕೋರ್ಟು ನಕ್ಕಿತು. ವಕೀಲರು ನಕ್ಕರು, ಬಾಗಿಲಲ್ಲಿದ್ದ ಪೇದೆ ನಕ್ಕ, ಟೈಪು ಮಾಡುವ ಹೆಣ್ಣುಮಗಳು ತಲೆ ತಗ್ಗಿಸಿ ನಕ್ಕಳು. ಅಷ್ಟು ದೊಡ್ಡ ನಗು ನನಗೆ ಯಾವ ಗ್ಯಾದರಿಂಗಿನಲ್ಲೂ ಬಂದಿಲ್ಲ. ನ್ಯಾಯಾಧೀಶರು ನಗಲಿಲ್ಲ. ಒಂದೇ ಕೈಯಿಂದ ಬಂದ ನಾಲ್ಕು ಮಾತು ಒಂದಕ್ಕೊಂದು ಹೊಂದದಿರುವಾಗ ಈ ಹಂತದಲ್ಲಿ ಯಾವುದನ್ನೂ ನಂಬಲು ಬರುವುದಿಲ್ಲ, ಆರೋಪಿಯ ಸಹಿ ಇರುವ ಕಾಗದವೊಂದೇ ಉಳಿಯುತ್ತದೆ ಎಂದರು. ಅರ್ಜಿ ವಜಾ ಆಯಿತು. ಅವರ ಜಾಗದಲ್ಲಿ ಕೂತಿದ್ದರೆ ನಾನೂ ಬೇರೆ ಹೇಳುತ್ತಿದ್ದೆನೋ ಇಲ್ಲವೋ.

ಹೊರಗೆ ವರಾಂಡದಲ್ಲಿ ಜಾಹಿದನನ್ನು ವ್ಯಾನು ಬರುವವರೆಗೆ ನಿಲ್ಲಿಸಿದ್ದರು. ಬಹಳ ಸೊರಗಿದ್ದಾನೆ. ಕಣ್ಣು ಹಳದಿ ಇವೆ, ನಾನು ನೋಡಿದ್ದು ಸರಿಯಿದ್ದರೆ ಅವನಿಗೂ ಕಾಮಾಲೆ. ಕೇಳಿದೆ, ಇಲ್ಲರಿ ಎಂದ. ನಾನು ಅವನ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವನೇ ನನಗೆ ಸಮಾಧಾನ ಹೇಳಲು ಶುರು ಮಾಡಿದ.

"ಆ ಕಾಗದ ನೀವ ಬರದದ್ದಂತ ನಂಗ ಓದಿದ ಕೂಡ್ಲೇ ತಿಳೀತ್ರಿ ಸರ. ಅಪ್ಪಾ ಹೇಳೂಕಿಂತ ಮೊದಲ. ಅದರಾಗಿಂದು ಖರೇ ಅಲ್ಲ ಅಂತ ಗೊತ್ತಿತ್ರಿ. ಆದ್ರ ನೀವು ಬರದೀರಿ ಅಂದಮ್ಯಾಲ ಏನರ ವಿಚಾರ ಮಾಡೇ ಬರದಿರ್ತೀರಿ ಅಂತ ಸಹಿ ಮಾಡ್ದೆ."

ವ್ಯಾನು ಬಂತು. ಹತ್ತಿಸಿಕೊಂಡು ಹೋದರು. ಪರೀಕ್ಷೆಯ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಚಾಂದಸಾಬ ಮತ್ತು ನಾನು ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದೆವು. ಒಳಗೆ ಆದದ್ದು ಅವರಿಗೆ ಸರಿಯಾಗಿ ತಿಳಿದಿರಲಿಲ್ಲ, ಹಿಂದೆ ನಿಂತಿದ್ದರು. ನಾನು ತಿಳಿಸಬೇಕಿತ್ತು. ಒಬ್ಬ ಒಳ್ಳೆಯ ಮೇಷ್ಟರ ಬಳಿ ಇರಬೇಕಾದ ಮಾತುಗಳೆಲ್ಲ ನನ್ನ ಬಳಿ ಇದ್ದವು. ಬಸ್ಸಿನ ಮೆಟ್ಟಿಲ ಹತ್ತಿರ ಅವರು ನನ್ನ ಕೈ ಹಿಡಿದುಕೊಂಡರು. ಬೆರಳೆಲ್ಲ ಸೂಜಿಯ ಗಂಟು.

"ಇನ್ನ ಯಾರಿಗಿ ಬರದ್ರ ಬಿಡ್ತಾರ್ರಿ ಸರ? ನೀವು ಇನ್ನೊಂದು ಬರದ ಕೊಡ್ರಿ. ನಾ ಒಯ್ದು ಸಹಿ ಮಾಡಸ್ಕೊಂಡ ಬರ್ತೇನಿ."

ನಾನು ಹ್ಞೂಂ ಎಂದೆ.

ಕೌಸ್ತುಭ ಗಲಗಲಿ